ಕೊನೆಯ ಮೂರು ಸಾಲು

ನಾನು ಯಾವ ವರ್ಷ ಜೂನಿಯರ್‌ನಿಂದ ಸೀನಿಯರ್ ಆದೆ, ಯಾವಾಗ ನನಗೆ ಹೊಸ ಬ್ಯಾಡ್ಜು ಕೊಟ್ಟರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇ ನಗು ಬರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಓದಲಿ ಎಂದು ಪೆನ್ನು ಹಿಡಿದಿರುವುದು ಒಂದೇ ಕಾರಣಕ್ಕೆ. ದೇವಲಾಪುರದ ಒಬ್ಬ ಅಕ್ಕಸಾಲಿಯ ಕಣ್ಣು ನನ್ನ ಕೈಯಿಂದ ಹೋಯಿತು. ನಾನು ಕಣ್ಣಿನ ಡಾಕ್ಟರಲ್ಲ, ಕಂಪ್ಯೂಟರಿನ ಪರದೆ ಸರಿಮಾಡುತ್ತಿದ್ದವನು. ಪರದೆ ಸರಿಮಾಡುವವನಿಂದ ಕಣ್ಣು ಹೋಗುವುದು ಹೇಗೆ ಎಂದು ಕೇಳುತ್ತೀರಿ. ಹೇಳುತ್ತೇನೆ. ಆದರೆ ನನ್ನ ದಾರಿಯಲ್ಲೇ ಹೇಳುತ್ತೇನೆ, ನಡುವೆ ಅವಸರ ಮಾಡಬೇಡಿ.

ನಮ್ಮಪ್ಪ ಪಾಂಡವಪುರದಲ್ಲಿ ಬಡಗಿ. ನಾನು ಐಟಿಐ ಮುಗಿಸಿ ಕೆಲವು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿದ್ದೆ. ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಸಣ್ಣ ಕಂಪ್ಯೂಟರು ಕಂಪನಿಯವರು "ಟಿವಿ ಬಿಚ್ಚಿ ಜೋಡಿಸೋಕೆ ಬರುತ್ತಲ್ಲ, ಅಷ್ಟು ಸಾಕು" ಎಂದು ನನ್ನನ್ನು ತೆಗೆದುಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕನ್ನು ನನ್ನ ತಲೆಗೆ ಕಟ್ಟಿದರು. ಹೆಗಲಿಗೊಂದು ಚೀಲ. ಅದರಲ್ಲಿ ಎರಡು ಸ್ಕ್ರೂಡ್ರೈವರು, ದೂಳು ಹೊಡೆಯುವ ಕುಂಚ, ಫ್ಲಾಪಿ ಡಬ್ಬಿ, ಕಾರ್ಬನ್ ಹಾಳೆ ಇಟ್ಟ ಕಾಲ್ ಶೀಟಿನ ಪುಸ್ತಕ, ಅಂದರೆ ಪ್ರತಿ ರಿಪೇರಿಗೂ ತುಂಬಿಸಬೇಕಾದ ಹಾಳೆಗಳು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಹಬ್ಬ. ಜನ ನನ್ನನ್ನು ಕಂಪ್ಯೂಟ್ರಾಚಾರಿ ಎಂದು ಕರೆಯುತ್ತಿದ್ದರು, ನಾನೂ ಉಬ್ಬಿಹೋಗಿ ತಿರುಗುತ್ತಿದ್ದೆ.

ನಮ್ಮ ಕಡೆ "ಕಂಪ್ಯೂಟ್ರು ಕೆಟ್ಟೋಗದೆ" ಎಂದರೆ ಹತ್ತರಲ್ಲಿ ಎಂಟು ಸಲ ಪರದೆಯ ಮೇಲೆ ಕಾಣಬೇಕಾದದ್ದು ಕಾಣುತ್ತಿಲ್ಲ ಎಂದೇ ಅರ್ಥ. ಒಳಗೆ ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ವಿಂಡೋಸ್ 95 ಬಂದ ಮೇಲಂತೂ ಈ ದೂರು ಮೂರು ಪಟ್ಟಾಯಿತು. ಕಾರಣ ಇಷ್ಟು: ಎಲ್ಲರ ಬಳಿಯೂ ಇದ್ದದ್ದು ಡಾಸ್ ಕಾಲದ ಹಳೆಯ ಪ್ರೋಗ್ರಾಮುಗಳು. ಅವುಗಳಿಗೆ ಇಡೀ ಯಂತ್ರ ತಮ್ಮೊಬ್ಬರದೇ ಆಗಿದ್ದು ಅಭ್ಯಾಸ. ಹೊಸ ಯಂತ್ರದಲ್ಲಿ ವಿಂಡೋಸು ಅವುಗಳಿಗೆ ಒಂದು ಸುಳ್ಳು ಕಂಪ್ಯೂಟರು ಕಟ್ಟಿಕೊಡುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ವರ್ಚುವಲ್ ಮೆಷೀನು ಎಂದು ಹೆಸರು. ಆ ಸುಳ್ಳು ಯಂತ್ರಕ್ಕೊಂದು ಸುಳ್ಳು ಪರದೆ ಇರುತ್ತದೆ, ಇಪ್ಪತ್ತೈದು ಸಾಲಿನದು. ಹಳೆಯ ಪ್ರೋಗ್ರಾಮು ಅದರ ಮೇಲೆ ಇಪ್ಪತ್ತೈದೂ ಸಾಲು ಬರೆದು ಮುಗಿಸಿ, ಎದುರಿಗಿರುವವರು ಓದಿಕೊಂಡರು ಎಂದು ನಂಬಿ ಸುಮ್ಮನಾಗುತ್ತದೆ. ಅದರಲ್ಲಿ ಎಷ್ಟು ಸಾಲು ನಿಜವಾದ ಗಾಜಿನ ಮೇಲೆ ಮೂಡಿತು ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತುಮಾಡಿಕೊಳ್ಳಬೇಕಾದವನು ನಾನು. ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ಈ ಪಾಠವನ್ನು ನನಗೆ ಮೊದಲು ಹೇಳಿದವರು ಶ್ರೀರಂಗಪಟ್ಟಣದಲ್ಲಿ ಪ್ರೆಸ್ಸು ಇಟ್ಟಿದ್ದ ರಹಮತ್ ಸಾಬರು. ಮದುವೆ ಪತ್ರಿಕೆ, ನಾಮಕರಣದ ಕಾರ್ಡು ಮಾಡುತ್ತಿದ್ದರು. ಅವರ ಕನ್ನಡದ ಪ್ರೋಗ್ರಾಮು ಪೂರ್ತಿ ಪರದೆಯಲ್ಲಿ ಮುತ್ತಿನಂಥ ಅಕ್ಷರ ತೋರಿಸುತ್ತಿತ್ತು, ವಿಂಡೋಸಿನ ಕಿಟಕಿಯೊಳಗೆ ತೆರೆದರೆ ಇರುವೆ ಚೆಲ್ಲಿದ ಹಾಗೆ ಬರೀ ಚುಕ್ಕಿ. ನಾನು ಹೋಗಿ, ಅರ್ಧ ಕಂಪೋಸ್ ಆಗಿದ್ದ ಪತ್ರಿಕೆ ತೆರೆದಿರುವಾಗಲೇ, ಕೇಳದೆ ಹೇಳದೆ ಪರದೆಯ ಸೆಟ್ಟಿಂಗು ಬದಲಿಸಿದೆ. ಕಿಟಕಿ ಕಲ್ಲಾಗಿ ನಿಂತಿತು. ಅವರು ಬೆಳಗಿನಿಂದ ಕೂಡಿಸಿದ್ದೆಲ್ಲ ಹೋಯಿತು.

"ಅರೆ ಭಾಯ್, ಒಳಗೆ ಇರೋದೇ ಬೇರೆ, ನಮಗೆ ಕಾಣೋದೇ ಬೇರೆ ಅಂದ್ರೆ ನಾನು ಯಾರ್‌ನ ನಂಬ್ಲಿ? ಈ ಡಬ್ಬಾನಾ, ನಿಮ್ನಾ?" ಎಂದು ಸಾಬರು ಕೇಳಿದರು.

"ನನ್ನನ್ನ ನಂಬಿ ಸಾಬ್ರೆ" ಎಂದೆ, ಎಷ್ಟು ಸಲೀಸಾಗಿ! ಸಂಜೆಯವರೆಗೂ ಅವರ ಪಕ್ಕದಲ್ಲಿ ಕುಳಿತು ಹಸ್ತಪ್ರತಿ ಓದಿ ಹೇಳಿದೆ, ಅವರು ಮತ್ತೆ ಕೂಡಿಸಿದರು. ಸಾಬರು ಬೈಯಲಿಲ್ಲ, ಟೀ ತರಿಸಿದರು. ನನಗಾದ ನಾಚಿಕೆ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಆರಿಹೋಯಿತು. ಆ ವಯಸ್ಸಿನಲ್ಲಿ ನಾಚಿಕೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಬೂಕನಕೆರೆಯ ಒಂದು ಬೀಜದ ಡಿಪೋದಲ್ಲಿ ಜವರೇಗೌಡ ಎಂಬ ಗುಮಾಸ್ತರಿದ್ದರು. ಅವರ ಡಾಸ್ ಪ್ರೋಗ್ರಾಮು ಒಂದು ದಿನ ಇದ್ದಕ್ಕಿದ್ದಂತೆ ಚಿಕ್ಕದಾಗಿ ಕಿಟಕಿಯೊಳಗೆ ಹೋಗಿ ಕುಳಿತಿತ್ತು. ಕೈ ತಪ್ಪಿ ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿದ್ದರು, ಅಷ್ಟೇ. ಆ ಪುಣ್ಯಾತ್ಮರು ಯಂತ್ರ ಬಿರುಕು ಬಿಟ್ಟಿದೆ ಎಂದು ಹೆದರಿ, ಅದರ ಮೇಲೆ ಟವೆಲ್ಲು ಹೊದಿಸಿ, ಕೆ.ಆರ್. ಪೇಟೆಗೆ ಹೋಗಿ ಫೋನು ಮಾಡಿ, ಹನ್ನೊಂದು ದಿನ ನನ್ನ ದಾರಿ ಕಾದಿದ್ದರು. ನಾನು ಹೋದವನೇ ನಿಂತುಕೊಂಡೇ ಎರಡು ಗುಂಡಿ ಒತ್ತಿದೆ. ಪರದೆ ತುಂಬ ಅಕ್ಷರ ಬಂತು.

"ಇಷ್ಟೇಯಾ?"

"ಇಷ್ಟೇ ಗೌಡ್ರೆ. ಚೇರಿನ ಮೇಲೂ ಕೂರಲಿಲ್ಲ ನೋಡಿ."

"ಎಲ್ಡ್ ಗುಂಡಿ ಒತ್ತಕ್ಕೆ ಅನ್ನೊಂದ್ ದಿನ ಕಾಯ್ಸುದ್ರಲ್ಲ ಆಚಾರ್ರೆ. ಫೋನ್ನಾಗೇ ಯೋಳಿದ್ರೆ ನಾನೇ ಒತ್ಕತಿರ್ಲಿಲ್ವಾ? ಜನ ದಿನಾ ಬಂದು ಬೋದು ಓಗೋರು."

ನಾನು ನಕ್ಕೆ. ಅವರ ಮುಖ ಸಣ್ಣದಾದದ್ದನ್ನು ನೋಡಿಯೂ ನಕ್ಕೆ. ಮೈಸೂರಿನಲ್ಲಿ ನಮ್ಮ ಸಾಹೇಬರು ಆ ಕಾಲ್ ಶೀಟು ಹಿಡಿದು ಎಲ್ಲರೆದುರಿಗೆ ತೋರಿಸಿ, "ನೋಡ್ರಿ, ಐದು ನಿಮಿಷದಲ್ಲಿ ಕ್ಲೋಸು, ಹಿಂಗಿರಬೇಕು" ಎಂದರು.

ಸಾಹೇಬರ ಬಗ್ಗೆ ಹೇಳಬೇಕು. ಕೆಟ್ಟವರಲ್ಲ. ಆದರೆ ಅವರ ಟೇಬಲಿನ ಹಿಂದೆ ಗೋಡೆಯ ಮೇಲೆ ಒಂದು ಚಾರ್ಟು ಇತ್ತು. ಮುಗಿಯದ ದೂರುಗಳು ಅದರ ಮೇಲೆ ಕೆಂಪು ಪಿನ್ನಾಗಿ ನಿಂತಿರುತ್ತಿದ್ದವು, ಅವರ ಬದುಕೆಲ್ಲ ಆ ಕೆಂಪು ಪಿನ್ನು ಕೀಳುವುದರಲ್ಲೇ ಹೋಯಿತು. ಕಾಲ್ ಶೀಟಿನ ಕೊನೆಯಲ್ಲಿ ಒಂದು ಚೌಕ, ಅದರ ಮುಂದೆ "ಡಿಸ್‌ಪ್ಲೇ ಓಕೆ" ಎಂದು ಅಚ್ಚಾಗಿರುತ್ತಿತ್ತು. ಅದಕ್ಕೊಂದು ಟಿಕ್ಕು ಹಾಕಿ, ಗಿರಾಕಿಯ ಸಹಿ ತಂದರೆ ಪಿನ್ನು ಹೋಗುತ್ತಿತ್ತು. ಪರದೆಯ ಮೇಲೆ ಏನೋ ಒಂದು ಕಂಡರೆ ಟಿಕ್ಕು. ಏನೆಲ್ಲ ಕಾಣಬೇಕು ಎಂದು ಕೇಳುವ ಚೌಕ ಆ ಶೀಟಿನಲ್ಲಿರಲಿಲ್ಲ. ಇರಬೇಕಿತ್ತು ಎಂದು ನನಗೂ ಅನಿಸಲಿಲ್ಲ.

ಇನ್ನು ನಾಗಮಂಗಲ.

ಅಲ್ಲಿ ಕೆಲವು ಹಿರಿಯರು ಸೇರಿ ಕಣ್ಣಿನ ಶಿಬಿರ ನಡೆಸುವ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಡಾಕ್ಟರು ಹೋಬಳಿ ಹೋಬಳಿಯ ಶಾಲೆಗಳಿಗೆ ಬಂದು ಕಣ್ಣು ನೋಡುವರು. ಆಪರೇಷನ್ ಬೇಕಾದವರ ಹೆಸರು ಸಂಘದ ಕಂಪ್ಯೂಟರಿಗೆ ಏರುವುದು. ಆಮೇಲೆ ದಿನ ಗೊತ್ತುಮಾಡಿ ಪ್ರತಿಯೊಬ್ಬರಿಗೂ ಒಂದು ಅಂಚೆ ಕಾರ್ಡು: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ವ್ಯಾನು ನಿಲ್ಲುತ್ತದೆ, ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುತ್ತದೆ, ಈ ಕಾರ್ಡು ತನ್ನಿ. ಕಾರ್ಡಿಲ್ಲದವರನ್ನು ವ್ಯಾನಿಗೆ ಹತ್ತಿಸುವಂತಿರಲಿಲ್ಲ.

ಕಾರ್ಡು ಬರೆಯುತ್ತಿದ್ದವರು ಶಾಂತಮ್ಮ. ಐವತ್ತರ ಹತ್ತಿರದ ಹೆಂಗಸು. ಮೊದಲು ಇದೇ ಪಟ್ಟಿಯನ್ನು ಉದ್ದನೆಯ ರಿಜಿಸ್ಟರಿನಲ್ಲಿ ಇಡುತ್ತಿದ್ದವರು, ಕಂಪ್ಯೂಟರು ಬಂದಾಗ ಹೆದರದೆ ಕಲಿತರು. ಪರದೆಯ ಮೇಲೆ ಪಟ್ಟಿ ತೆರೆದುಕೊಂಡು, ಒಂದೊಂದು ಹೆಸರನ್ನೂ ವಿಳಾಸವನ್ನೂ ನೋಡಿ ಕಾರ್ಡಿಗೆ ಕೈಯಲ್ಲೇ ಬರೆಯುತ್ತಿದ್ದರು. ಪಟ್ಟಿಯಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ, ಕಾರ್ಡು ಕನ್ನಡದಲ್ಲಿ ಹೋಗಬೇಕು. ಆದ್ದರಿಂದ ಪ್ರಿಂಟಿನ ಮಾತೇ ಇರಲಿಲ್ಲ.

ಸಂಘಕ್ಕೆ ಯಾರೋ ಹೊಸ ಯಂತ್ರದ ಡಬ್ಬಿ ಕೊಟ್ಟಿದ್ದರು, ಪರದೆ ಮಾತ್ರ ಹಳೆಯದು. ಪಟ್ಟಿಯ ಪ್ರೋಗ್ರಾಮು ಪೂರ್ತಿ ಪರದೆಯಲ್ಲಿ ತೆರೆದರೆ ಕಗ್ಗತ್ತಲು. ನಾನು ಹೋಗಿ ನೋಡಿದೆ. ಹೊಸ ಡಬ್ಬಿಯೊಳಗಿದ್ದ ಡಿಸ್‌ಪ್ಲೇ ಕಾರ್ಡಿಗೂ ಹಳೆಯ ಪರದೆಗೂ ಹೊಂದಿಕೆಯಿಲ್ಲ. ಮೈಸೂರಿನಿಂದ ಬೇರೆ ಡಿಸ್‌ಪ್ಲೇ ಕಾರ್ಡು ತಂದು ಹಾಕುವುದೇ ಸರಿಯಾದ ದಾರಿ. ಎಸ್‌ಟಿಡಿ ಬೂತಿಗೆ ಹೋಗಿ ಸಾಹೇಬರಿಗೆ ಹೇಳಿದೆ.

"ಕಿಟಕೀಲಿ ಓಡುತ್ತೇನಯ್ಯ?" ಎಂದರು.

"ಓಡುತ್ತೆ ಸಾರ್."

"ಮತ್ತೇನು? ಕ್ಲೋಸ್ ಮಾಡಿ ಬಾ."

ಬೂಕನಕೆರೆಯ ಎರಡು ಗುಂಡಿಯನ್ನೇ ಒತ್ತಿದೆ. ಪ್ರೋಗ್ರಾಮು ಕಿಟಕಿಯೊಳಗೆ ಬಂತು. ಶಾಂತಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಬಂತು ಸಾ, ಬಂತು. ಆದ್ರೆ ಸಾಸ್ವೆ ಕಾಳಂಗವೆ ಅಕ್ಸರ. ದಿನವೆಲ್ಲ ಇಂಗೆ ನೋಡ್ತಾ ಕುಂತ್ರೆ ಮುಂದಿನ ಸಿಬಿರಕ್ಕೆ ನನ್ನೆಸ್ರೂ ಬರ್ಸ್ಬೇಕಾಯ್ತದೆ" ಎಂದು ನಕ್ಕರು.

ನನಗೆ ಅವರ ಮೇಲೆ ಪ್ರೀತಿ ಬಂತು, ಸುಳ್ಳಲ್ಲ. ಅಕ್ಷರದ ಗಾತ್ರ ಏರಿಸಿದೆ. ಇನ್ನೂ ಏರಿಸಿದೆ. ಸಾಸಿವೆ ಹೋಗಿ ಕಡಲೆಯಾಯಿತು. ಒಂದು ಹೊಸ ಹೆಸರು ಸೇರಿಸುವ ಪುಟ ತೆರೆದು ತೋರಿಸಿದೆ. ಆ ಪುಟ ಪರದೆಯ ಮೇಲರ್ಧದಲ್ಲೇ ಮುಗಿಯುತ್ತದೆ. ಎಲ್ಲ ಕಾಣುತ್ತಿತ್ತು.

"ಈಗ ದೇವ್ರಂಗಾಯ್ತು ನೋಡಿ ಸಾ" ಎಂದರು ಶಾಂತಮ್ಮ. ಕಾಲ್ ಶೀಟಿನಲ್ಲಿ ಟಿಕ್ಕು ಹಾಕಿದೆ, ಅವರು ಸಹಿ ಹಾಕಿದರು. ಮೇಲುಕೋಟೆಯ ಮೇಲೆ ಬರುವ ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಂತೋಷದಲ್ಲಿ ನಿದ್ದೆ ಮಾಡಿಕೊಂಡು ಊರಿಗೆ ಬಂದೆ.

ಪಟ್ಟಿಯ ಪುಟವನ್ನು ಮಾತ್ರ ನಾನು ತೆರೆದು ನೋಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅದೇ ಸಂಘದಿಂದ ಕೀಲಿಮಣೆ ಹಿಡಿದುಕೊಳ್ಳುತ್ತದೆ ಎಂದು ದೂರು ಬಂತು. ಹೋದೆ. ಕೀಲಿಮಣೆ ಬಿಚ್ಚಿ, ಅವಲಕ್ಕಿ ಚೂರು ಉದುರಿಸಿ, ಮತ್ತೆ ಜೋಡಿಸಿ, "ಒಂದ್ಸಲ ನಿಮ್ಮ ಕೆಲಸ ಮಾಡಿ ನೋಡಿ" ಎಂದೆ. ಶಾಂತಮ್ಮ ಪಟ್ಟಿ ತೆರೆದು, ಸ್ಪೇಸ್ ಬಾರು ಒತ್ತುತ್ತ ಪುಟ ತಿರುಗಿಸತೊಡಗಿದರು. ನಾನು ಹಿಂದೆ ನಿಂತಿದ್ದೆ. ಹದಿನೆಂಟನೆಯ ಹೆಸರು ಪರದೆಯ ತಳದಲ್ಲಿತ್ತು. ಅವರು ಒತ್ತಿದರು. ಮುಂದಿನ ಪುಟ ಇಪ್ಪತ್ತೊಂದರಿಂದ ಶುರುವಾಯಿತು.

"ಶಾಂತಮ್ಮೋರೆ, ಹತ್ತೊಂಬತ್ತು ಇಪ್ಪತ್ತು ಎಲ್ಲಿ?"

"ಅವು ಒಡ್ದಾಕಿರೋ ನಂಬರು ಸಾ."

ಹಾಗೆಂದರೇನೆಂದು ಕೇಳಿದೆ. ಅವರು ಬೀರುವಿನಿಂದ ಹಳೆಯ ರಿಜಿಸ್ಟರು ತೆಗೆದು ತೋರಿಸಿದರು. ತೀರಿಕೊಂಡವರ, ಬೇಡವೆಂದವರ ಹೆಸರಿನ ಮೇಲೆ ಕೆಂಪು ಗೀಟು. ಆ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುತ್ತಿರಲಿಲ್ಲ, ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಸತ್ತವರ ನಂಬರಿನಲ್ಲಿ ಬದುಕಿರುವವರನ್ನು ಕೂರಿಸಬಾರದು ಎಂಬುದು ಶಾಂತಮ್ಮನವರೇ ಮಾಡಿಕೊಂಡಿದ್ದ ಕಟ್ಟಳೆ. ಕಂಪ್ಯೂಟರೂ ಅದನ್ನೇ ಮಾಡುತ್ತಿದೆ, ಗೀಟು ಬಿದ್ದವರನ್ನು ತೋರಿಸುತ್ತಿಲ್ಲ, ಎಷ್ಟು ಅಚ್ಚುಕಟ್ಟು ಎಂದು ಅವರು ಸಂತೋಷಪಟ್ಟಿದ್ದರು.

ಮುಂದೆ ಒತ್ತಿಸಿದೆ. ಮೂವತ್ತೆಂಟಾದ ಮೇಲೆ ನಲವತ್ತೊಂದು. ಐವತ್ತೆಂಟಾದ ಮೇಲೆ ಅರವತ್ತೊಂದು. ಮನಸ್ಸಿನಲ್ಲೇ ಸಾಲು ಲೆಕ್ಕ ಹಾಕಿದೆ. ಮೇಲೆ ನಾಲ್ಕು ಸಾಲು ತಲೆಬರಹ, ಆಮೇಲೆ ಇಪ್ಪತ್ತು ಹೆಸರು, ಕೊನೆಯಲ್ಲಿ "ಮುಂದಿನ ಪುಟಕ್ಕೆ ಯಾವುದಾದರೂ ಕೀಲಿ ಒತ್ತಿ" ಎನ್ನುವ ಒಂದು ಸಾಲು. ಒಟ್ಟು ಇಪ್ಪತ್ತೈದು. ನಾನು ದಪ್ಪ ಮಾಡಿದ ಅಕ್ಷರಕ್ಕೆ ಇಪ್ಪತ್ತೈದು ಸಾಲು ಆ ಸಣ್ಣ ಪರದೆಯಲ್ಲಿ ಹಿಡಿಸುವುದೇ ಇಲ್ಲ. ಕೆಳಗಿನ ಮೂರು ಸಾಲು ಗಾಜಿನ ಅಂಚಿಗೆ, ವಿಂಡೋಸು ಪರದೆಯ ತಳದಲ್ಲಿ ಇಡುವ ಬೂದು ಪಟ್ಟಿಯ ಹಿಂದಕ್ಕೆ ಹೋಗಿಬಿಟ್ಟಿದ್ದವು. ಕೀಲಿ ಒತ್ತಿ ಎಂಬ ಸಾಲು ಕಾಣದಿದ್ದರೂ ಶಾಂತಮ್ಮನಿಗೆ ಒತ್ತಿ ಅಭ್ಯಾಸವಿತ್ತು. ಉಳಿದೆರಡು ಸಾಲಿನಲ್ಲಿ ಎರಡು ಹೆಸರು. ಏಳು ಪುಟ, ಹದಿನಾಲ್ಕು ಜನ.

ಅಕ್ಷರ ಚಿಕ್ಕದು ಮಾಡಿದೆ. ಹದಿನಾಲ್ಕೂ ಹೆಸರು ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು. ಯಂತ್ರ ಒಂದನ್ನೂ ಮರೆತಿರಲಿಲ್ಲ.

ಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಇವ್ರ್ಯಾರ್ಗೂ ನಾನು ಕಾರ್ಡ್ ಬರ್ದೇ ಇಲ್ವಲ್ಲ ಸಾ. ವ್ಯಾನು ಓಗಿ ಮೂರ್ ತಿಂಗ್ಳಾಯ್ತಲ್ಲ" ಎಂದರು. ಹದಿಮೂರು ಜನರದು ಪೊರೆ, ತಡವಾದರೂ ತೆಗೆಯಬಹುದು. ಅರವತ್ತನೆಯ ಹೆಸರಿನ ಮುಂದೆ ಮಾತ್ರ "ಒತ್ತಡ, ತುರ್ತು" ಎಂದಿತ್ತು. ಕಾಳಾಚಾರಿ, ಅಕ್ಕಸಾಲಿ, ದೇವಲಾಪುರ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ಕಾಯಿಲೆ, ಹೋದದ್ದು ಹೋದ ಹಾಗೇ, ಇರುವುದನ್ನು ಬೇಗ ಉಳಿಸಿಕೊಳ್ಳಬೇಕು ಎಂದು ಶಾಂತಮ್ಮ ವಿವರಿಸಿದರು. ಅವರು ಅಲ್ಲೇ ಕೂತು ಕಾಳಾಚಾರ್ರಿಗೆ ಬರೆದ ಕಾರ್ಡನ್ನು ಅಂಚೆಗೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಜೇಬಿನಲ್ಲಿಟ್ಟುಕೊಂಡು ದೇವಲಾಪುರದ ಬಸ್ಸು ಹತ್ತಿದೆ.

ಮನೆಯ ಜಗುಲಿಯಲ್ಲೇ ಅವರ ಕೆಲಸದ ಜಾಗ. ಅರವತ್ತು ದಾಟಿದ ಮನುಷ್ಯ, ಮೂಗುತಿಯೊಂದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಕುಳಿತಿದ್ದರು. ಇಕ್ಕಳ ಪಕ್ಕದಲ್ಲೇ ಮಣೆಯ ಮೇಲಿತ್ತು, ಅದಕ್ಕಾಗಿ ಕೈ ತಡವುತ್ತಿತ್ತು. ನಾನು ಪಕ್ಕದಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಎದುರಿಗೆ ಬಂದು ಮಾತಾಡಿಸಿದಾಗ ಬೆಚ್ಚಿದರು.

"ಕಣ್ಣಿನ ಸಂಘದಿಂದ ಬಂದೆ" ಎಂದೆ.

ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಕಾರ್ಡು ತಂದ್ರಾ? ನಾನ್ ಯೋಳ್ತಿದ್ದೆ ಇವ್ರಿಗೆ, ಬತ್ತದೆ ಬತ್ತದೆ ಅಂತ. ದಿನಾ ಪೋಸ್ಟಾಪೀಸ್ ತಾವ ಓಗಿ ಕೇಳ್ಕ ಬತ್ತಿದ್ದೆ. ಈಗ್ ತಿಂಗ್ಳಿಂದ ಒಬ್ನೇ ಓಗಕ್ಕಾಗಾಕಿಲ್ಲ. ಎದುರ್ಗೆ ಒಂದ್ ಕಾಸಗಲ ಕಾಣ್ತದೆ, ಅಕ್ಕಪಕ್ಕ ಏನೂ ಇಲ್ಲ."

ಒಳಗಿನಿಂದ ಅವರ ಮಗ ಮಂಜು ಬಂದ. ವೆಲ್ಡಿಂಗ್ ಕೆಲಸದವನು. "ನಾವೇ ಮೈಸೂರ್ಗೆ ಓಗ್ಬುಡವಾ ಅಂದ್ರೆ ಕೇಳ್ಬೇಕಲ್ಲ ಸಾ. ಡಾಕ್ಟ್ರು ಕಾರ್ಡು ಕಳಿಸ್ತೀನಿ ಅಂದವ್ರೆ, ಸರದಿ ತಪ್ಸಿ ಓದ್ರೆ ಇನ್ನೊಬ್ರ ಜಾಗ ಕಿತ್ಕಂಡಂಗಾಯ್ತದೆ ಅಂತಾರೆ" ಎಂದ.

ಮಾರನೆಯ ಬೆಳಿಗ್ಗೆ ಮೂವರೂ ಮೈಸೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನ ನರವೂ ಹೆಚ್ಚು ಕಡಿಮೆ ಸತ್ತಿದೆ, ಔಷಧಿ ಕೊಡುತ್ತೇನೆ, ನಿಲ್ಲುವುದು ಕಷ್ಟ ಎಂದರು. ನನ್ನನ್ನು ಹೊರಗೆ ಕರೆದು, "ಕರೆದಾಗಲೇ ಬಂದಿದ್ದರೆ ಎಡಗಣ್ಣು ಉಳಿಯುತ್ತಿತ್ತು. ಈ ಹಳ್ಳಿಯವರು ಯಾಕೆ ಹೀಗೆ ಉದಾಸೀನ ಮಾಡ್ತಾರೋ" ಎಂದರು. ನಾನು ಹೌದು ಎಂಬಂತೆ ತಲೆ ಆಡಿಸಿದೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಬಾಯಿ ಬಿಟ್ಟೆ. ಕಾಳಾಚಾರ್ರ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಮಂಜು. ಅಕ್ಷರ ದಪ್ಪ ಮಾಡಿದ್ದು, ಕೆಳಗಿನ ಸಾಲು ಮರೆಯಾದದ್ದು, ನಾನು ಪಟ್ಟಿ ತೆರೆದು ನೋಡದೆ ಸಹಿ ಹಾಕಿಸಿಕೊಂಡದ್ದು, ಎಲ್ಲವನ್ನೂ ಹೇಳಿದೆ. ಮಂಜು ನನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಹಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶ್ರೀರಂಗಪಟ್ಟಣದ ಸೇತುವೆ ದಾಟಿದ ಮೇಲೆ ಕಾಳಾಚಾರ್ರು ನನ್ನ ಕಡೆ ತಿರುಗಿದರು.

"ನೀನು ಯಾರ್ ಮಗ ಅಂದೆ?" ಎಂದು ಕೇಳಿದರು.

ಪಾಂಡವಪುರದ ಬಡಗಿ ಆಚಾರಿಯ ಮಗ ಎಂದೆ.

"ಅಂಗಾರೆ ನಿಂಗೆ ಗೊತ್ತಿರ್ಬೇಕು ಕಣಪ್ಪ. ಒಡ್ವೆ ಮಾಡಿ ಕೊಡೋಕ್ ಮುಂಚೆ ನಾವು ಬೆನ್ ತಿರುಗ್ಸಿ ನೋಡ್ತೀವಿ. ತಕ್ಕಳೋರು ಬೆನ್ ನೋಡಾಕಿಲ್ಲ, ಮುಂದ್ಗಡೆ ಒಳೆದ್ರೆ ಸಾಕು ಅವ್ರಿಗೆ. ಆದ್ರೂವೆ ನಾವು ನೋಡ್ತೀವಿ. ನೀನು ನೋಡ್ಲಿಲ್ವಾ?"

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಇಲ್ಲ ಎಂದೆ. ಮತ್ತೆ ಸ್ವಲ್ಪ ದೂರ ಹೋದ ಮೇಲೆ ಕೇಳಿದರು:

"ನನ್ನೆಸ್ರು ಅದ್ರೊಳ್ಗೆ ಇತ್ತಾ?"

"ಇತ್ತು. ಮೊದಲಿನಿಂದಲೂ ಇತ್ತು."

"ಇತ್ತಲ್ಲ, ಅಷ್ಟೇಯ. ನನ್ನ ಮರ್ತ್‌ಬುಟ್ರೇನೋ ಅಂದ್ಕಂಡಿದ್ದೆ." ನನ್ನ ಮೊಣಕೈ ತಡವಿ ಹಿಡಿದುಕೊಂಡರು. "ಎಸ್ರು ಮಾತ್ರ ತೆಗೀಬ್ಯಾಡ ಕಣಪ್ಪ. ಡಾಕ್ಟ್ರು ನಾಳೆ ಏನಾರ ಒಸ ಔಸ್ದಿ ಕಂಡಿಡುದ್ರೆ, ಕಾರ್ಡು ಬರ್ಬೇಕಲ್ಲ."

ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ.

ಮೈಸೂರಿಗೆ ಹೋಗಿ ನಡೆದದ್ದನ್ನು ಸಾಹೇಬರಿಗೆ ಹೇಳಿದೆ. ಅವರೂ ಒಂದು ಗಳಿಗೆ ತಲೆ ಹಿಡಿದುಕೊಂಡು ಕುಳಿತರು. ಆಮೇಲೆ ಕಾಗದ ಮುಂದೆ ತಳ್ಳಿ, "ಮೆಷೀನು ಸರಿಯಿತ್ತು, ಪ್ರೋಗ್ರಾಮು ಸರಿಯಿತ್ತು. ಯೂಸರ್ ಎರರ್ ಅಂತ ಬರಿ. ಇಲ್ಲದಿದ್ದರೆ ನಿನ್ನ ಕೆಲಸವೂ ಹೋಗುತ್ತೆ, ನನ್ನದೂ ಹೋಗುತ್ತೆ" ಎಂದರು. ಬಳಸುವವರ ತಪ್ಪು ಎಂದರೆ ಯಾರ ತಪ್ಪು? ಶಾಂತಮ್ಮನದು. ಬರೆದೆ. ನನ್ನ ಕೈಬರಹದಲ್ಲೇ ಬರೆದೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಕೊಂಡು ಈ ಬರಹ ಮುಗಿಸಬಾರದು, ಅದಕ್ಕೆ ಹೇಳುತ್ತಿದ್ದೇನೆ.

ಅಂದಿನಿಂದ ನಾನು ಎಲ್ಲಿಗೆ ಹೋದರೂ ಅತಿ ಉದ್ದದ ಪಟ್ಟಿಯನ್ನೇ ತೆರೆಸಿ, ಗಿರಾಕಿಯ ಬೆರಳು ಹಿಡಿದು ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತೈದು ಸಾಲು ಎಣಿಸುತ್ತಿದ್ದೆ. ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಚಾರ್ಟಿನ ಮೇಲೆ ನನ್ನ ಹೆಸರಿನ ಮುಂದೆ ಕೆಂಪು ಪಿನ್ನುಗಳು ತುಂಬಿದವು, ಬೈಸಿಕೊಂಡೆ. ಆಚಾರಿಗೆ ಕೆಲಸ ಮರೆತುಹೋಗಿದೆ ಎಂದು ಜೊತೆಯವರು ಆಡಿಕೊಂಡರು. ಕಲಿತೆನಲ್ಲ ಎಂಬ ಸಮಾಧಾನ ನನಗೆ ಒಂದು ದಿನವೂ ಆಗಲಿಲ್ಲ. ಕಲಿತದ್ದು ಯಾರ ಕಣ್ಣಿನಲ್ಲಿ ಎಂಬುದು ನೆನಪಾಗುತ್ತಿತ್ತು.

ಮುಂದಿನ ಬೇಸಿಗೆಗೆ ಕಾಳಾಚಾರ್ರ ಎಡಗಣ್ಣೂ ಆರಿತು. ಅದಾದ ಕೆಲವು ದಿನಕ್ಕೆ ಸಂಘದವರು ದೊಡ್ಡ ಪರದೆ ತರಿಸಿದರು, ಅದನ್ನು ಜೋಡಿಸಲು ನನ್ನನ್ನೇ ಕಳಿಸಿದರು. ಜೋಡಿಸಿದೆ. ಅಕ್ಷರವೂ ದಪ್ಪ, ಇಪ್ಪತ್ತೈದು ಸಾಲೂ ಒಳಗೆ. ಮೊದಲೇ ಇದನ್ನು ಮಾಡಬಹುದಿತ್ತು ಎಂದು ಶಾಂತಮ್ಮ ಹೇಳಲಿಲ್ಲ. ಅವರು ಮೊದಲಿನ ಹಾಗೆ ನಗುತ್ತಲೂ ಇರಲಿಲ್ಲ, ಕೀಲಿಮಣೆಯಿಂದ ಒಂದು ಮೊಳ ದೂರವೇ ಕುಳಿತಿದ್ದರು.

"ನೀವ್ ಬರ್ದಿದ್ದ ಕಾಗ್ದ ಬಂದಿತ್ತು ಸಾ. ಸಂಗ್ದೋರು ಓದಿ ಯೋಳುದ್ರು ನಂಗೆ" ಎಂದರು. "ನಿಜ ಬುಡಿ. ನಾನು ಎಣಿಸ್ಬೇಕಿತ್ತು."

 ನಿಮ್ಮದಲ್ಲ, ನನ್ನದು ಎನ್ನಲು ಎಷ್ಟು ಹೊತ್ತು ಬೇಕು? ಎರಡು ಗುಂಡಿ ಒತ್ತುವಷ್ಟು. ಹೇಳಲಿಲ್ಲ.

ಅವರು ಒಂದು ಚೀಟಿ ಮುಂದಿಟ್ಟರು. ಡಾಕ್ಟರ ಸಹಿಯಿತ್ತು. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲದವರನ್ನು ಪಟ್ಟಿಯಿಂದ ತೆಗೆದು ಕಾಯುತ್ತಿರುವವರಿಗೆ ಜಾಗ ಮಾಡಬೇಕೆಂಬುದು ಸಂಘದ ನಿಯಮ. ಚೀಟಿಯಲ್ಲಿ ಒಂದೇ ಸಂಖ್ಯೆ, ಅರವತ್ತು.

"ನನ್ ಕೈಲಿ ಆಗಾಕಿಲ್ಲ ಸಾ. ನೀವೇ ಒತ್ಬುಡಿ" ಎಂದರು.

ಬಸ್ಸಿನಲ್ಲಿ ಕೊಟ್ಟ ಮಾತು ನೆನಪಿತ್ತು. ಅರವತ್ತನೆಯ ಸಾಲಿಗೆ ಹೋಗಿ ಅಳಿಸುವ ಕೀಲಿ ಒತ್ತಿದೆ. ಖಚಿತವೇ ಎಂದು ಯಂತ್ರ ಕೇಳಿತು. ಪರದೆಯ ಕೊನೆಯ ಸಾಲಿನಲ್ಲಿ, ಸ್ಪಷ್ಟವಾಗಿ ಕಾಣುವ ಹಾಗೆ ಕೇಳಿತು. ಹೌದು ಎಂದೆ.

ಆಮೇಲೆ ಶಾಂತಮ್ಮನ ಬೆರಳು ಹಿಡಿದು ಪಟ್ಟಿ ಎಣಿಸಿದೆ. ಎಲ್ಲ ಹೆಸರೂ ಕಾಣುತ್ತಿದ್ದವು. ಐವತ್ತೆಂಟು, ಐವತ್ತೊಂಬತ್ತು, ಅರವತ್ತೊಂದು. ಶಾಂತಮ್ಮನ ಕಟ್ಟಳೆಯಂತೆ ಆ ನಂಬರನ್ನು ಯಾರಿಗೂ ಕೊಡುವ ಹಾಗಿರಲಿಲ್ಲ. ಕಾಲ್ ಶೀಟು ತೆಗೆದು, "ಡಿಸ್‌ಪ್ಲೇ ಓಕೆ" ಎಂಬ ಚೌಕಕ್ಕೆ ಟಿಕ್ಕು ಹಾಕಿದೆ. ಅವರು ಸಹಿ ಹಾಕಿದರು.